ಮುಂದೆ ಮಕಮಲ್ಲು, ಹಿಂದೆ ಮಂಜರಪಾಟು

ಮಾರ್ಚ್ ೪, ಮಂಗಳವಾರ

ಏಳಲಿ ಪರದೆ, ಬಡಿಯಲಿ ನಗಾರಿ! ಇಂದಿನ ಸಭೆಯಲ್ಲಿ, ತುಂಬಿದ ಮೇಜಿನ ಮುಂದೆ, ನನ್ನ ಎದೆಗೆ ಬಾಣ ನಾಟಿತು. ಬಿಟ್ಟವರು ನಮ್ಮ ನಿರ್ದೇಶಕಿ. ಆದರೆ ಆ ಬಾಣವನ್ನು ಅವರ ಬತ್ತಳಿಕೆಗೆ ತುಂಬಿಕೊಟ್ಟವನು ಯಾರು? ನಾನೇ. ಈ ಎರಡು ಕೈಗಳಿಂದ ನಾನೇ!

ಸಾವಧಾನವಾಗಿ ಬರೆಯುತ್ತೇನೆ. ಇದನ್ನು ಬೇರೆ ಯಾರೂ ಓದುವುದಿಲ್ಲ, ಸುಳ್ಳು ಹೇಳಿ ಗಿಟ್ಟುವುದೇನೂ ಇಲ್ಲ.

ನಮ್ಮ ಕಚೇರಿಯಲ್ಲಿ ತಯಾರಾಗುವುದು ವಿಡಿಯೊ ಗೇಮು. ‘ಗಡಿಪಾರು’ ಎಂಬ ಸರಣಿಯೇ ನಮ್ಮೆಲ್ಲರ ಅನ್ನ. ಪ್ರತಿ ಭಾಗದಲ್ಲೂ ಊರಿನಿಂದ ಹೊರದಬ್ಬಿಸಿಕೊಂಡ ಒಬ್ಬ ನಾಯಕ ಅಥವಾ ನಾಯಕಿ. ಆಡುವವರು ಆ ಜೀವವನ್ನು ಕಾಡು ಕಡಲು ದಾಟಿಸಿ ಮತ್ತೆ ಮನೆ ಮುಟ್ಟಿಸಬೇಕು. ಮೊದಲ ಭಾಗದ ಕಾವಲುಗಾರ, ಎರಡನೆಯದರ ನಾವಿಕಳು, ಮೂರನೆಯದರ ದಂಡನಾಯಕ, ಈ ಮೂವರಿಗೂ ಉಡುಗೆ ತೊಡಿಸಿದವನು ನಾನು. ನಾಟಕ ಕಂಪನಿಯ ವೇಷದ ಪೆಟ್ಟಿಗೆಯಲ್ಲಿ ನಿದ್ದೆ ಮಾಡಿ ಬೆಳೆದವನು! ಅಪ್ಪ ಖಳನಾಯಕ, ಅಮ್ಮ ಕಂಪನಿಯ ದರ್ಜಿ. ಕಾವಲುಗಾರನ ಎದೆಯ ಮೇಲೆ ಉರಿಯುವ ಸೂರ್ಯ, ನಾವಿಕಳ ಕೊರಳಿಗೆ ಹಗ್ಗದ ಕಸೂತಿ, ದಂಡನಾಯಕನ ಕವಚದಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಪೋಸ್ಟರ್ ನೋಡಿದವರು ಕಣ್ಣು ಮಿಟುಕಿಸಬೇಕಾದರೆ ನನ್ನ ಅಪ್ಪಣೆ ಬೇಕು!

ನಾಲ್ಕನೆಯದು ಮಾತ್ರ ಚಿಕ್ಕ ಆಟ ಎಂದಿದ್ದರು. ನಾಯಕಿ ಯಾರು? ಮನೆಮನೆಗೆ ಟಪಾಲು ಹಂಚುವವಳು. ‘ಅಂಚೆಯವಳಿಗೆ ಅಂಗಿ ತೊಡಿಸಲು ನಾನೇ ಬೇಕೆ?’ ಎಂದು ಮೀಸೆ ತಿರುವಿದೆ. ಆಗ ನನ್ನ ನಾದಿನಿ, ಹೆಂಡತಿಯ ತಂಗಿ, ಕೆಲಸವಿಲ್ಲದೆ ಮನೆಯಲ್ಲಿದ್ದಳು. ಮೊದಲು ಶಾಲೆಮಕ್ಕಳ ಬೆನ್ನುಚೀಲದ ಕಾರ್ಖಾನೆಯಲ್ಲಿ ನಮೂನೆ ಕತ್ತರಿಸುತ್ತಿದ್ದವಳು. ಚೀಲದವಳಿಗೆ ಟಪಾಲಿನವಳು ಸರಿಜೋಡಿ ಎಂದು ಕೈಹಿಡಿದು ಕರೆತಂದು ಕೂರಿಸಿದೆ.

ಆಮೇಲೆ ನಡೆದದ್ದು ಊರಿಗೇ ಗೊತ್ತು. ಜನ ಅಂಚೆಯವಳ ಆ ಬೂದು ಜಾಕೆಟ್ಟನ್ನು ತಾವೇ ಹೊಲಿಸಿಕೊಂಡು ಬೀದಿಯಲ್ಲಿ ತಿರುಗುತ್ತಿದ್ದಾರೆ. ನನ್ನ ದಂಡನಾಯಕನ ಕವಚ ತೊಟ್ಟು ಯಾವ ತಾಯಿಯ ಮಗ ಬಸ್ಸು ಹತ್ತಿದ್ದಾನೆ?

ಈಗ ಬಾಣದ ವಿಷಯ. ನಿರ್ದೇಶಕಿ ಹೇಳಿದರು: “ಐದನೇ ಭಾಗ ಶುರು ಮಾಡ್ತಿದ್ದೀವಿ. ಅದಕ್ಕೆ ಮುಂಚೆ ನಾಲ್ಕೂ ನಾಯಕರ ಉಡುಪು ಹೋಲಿಸಿ ಒಂದು ವಿಡಿಯೊ ಮಾಡೋಣ, ಆಡೋರು ಕೇಳ್ತಾನೇ ಇದ್ದಾರೆ. ಗಂಟಲು ನಿಮ್ಮದೇ ಇದೆಯಲ್ಲ, ನೀವೇ ಮಾತಾಡಿ. ಆಮೇಲೆ ಐದನೆಯವನಿಗೆ ನೀವಿಬ್ರೂ ಒಂದೊಂದು ಉಡುಪು ತನ್ನಿ. ತಗೊಳ್ಳೋದು ಒಬ್ಬರದ್ದೇ.”

ಒಬ್ಬರದ್ದೇ! ಅಂದರೆ ನನ್ನ ಸಿಂಹಾಸನದ ಎದುರು ಇನ್ನೊಂದು ಕುರ್ಚಿ! ಜಾಹೀರಾತು ನೋಡಿಕೊಳ್ಳುವವನು (ಅವನಿಗೆ ನಾನಿಟ್ಟ ಹೆಸರು ತುತ್ತೂರಿ) ಹಲ್ಲು ಕಿರಿದು, “ಮೈಕಾಸುರ ವರ್ಸಸ್ ನಾದಿನಿ! ಸೂಪರ್!” ಎಂದ. (ಮೈಕಾಸುರ ಎಂಬುದು ಅವನು ನನಗಿಟ್ಟ ಹೆಸರು.) ಎದುರು ಕೂತಿದ್ದ ನಾದಿನಿ ತಟ್ಟೆಯನ್ನು ನನ್ನ ಕಡೆ ಸರಿಸಿ ಮೆಲ್ಲಗೆ, “ಬಿಸ್ಕತ್ತು ತಗೊಳ್ಳಿ ಭಾವ, ಸಕ್ಕರೆ ಕಡಿಮೆ ಇದೆ” ಎಂದಳು.

ತಗೊಳ್ಳಲಿಲ್ಲ.

ಮಾರ್ಚ್ ೫, ಬುಧವಾರ

ಹೆಂಡತಿಯ ಕೆಲಸ ಕಟ್ಟು ಹಲ್ಲು ಮಾಡುವುದು. ಊಟದ ಮೇಜಿನ ಅರ್ಧ ಅವಳ ಅಚ್ಚುಗಳಿಗೆ, ಅರ್ಧ ನಮ್ಮ ತಟ್ಟೆಗಳಿಗೆ. ಇಂದು ಯಾರದೋ ಮೇಲ್ದವಡೆಯನ್ನು ಉಜ್ಜುತ್ತಾ ಕೇಳಿದಳು:

“ಏನ್ರೀ, ಬೆಳಿಗ್ಗೆಯಿಂದ ಒಬ್ಬರೇ ಡೈಲಾಗ್ ಹೊಡೀತಿದ್ದೀರಿ? ಪಕ್ಕದ ಮನೆಯವರು ಜಗಳ ಅಂದ್ಕೊಂಡು ಟಿವಿ ಸೌಂಡು ಕಡಿಮೆ ಮಾಡಿದ್ದಾರೆ.”

“ಜಗಳವೇ ಕಣೇ! ನಿನ್ನ ರಕ್ತದ ಜೊತೆಗೆ!”

“ನನ್ನ ರಕ್ತಾನ ಕೆಲಸಕ್ಕೆ ಸೇರಿಸಿದ್ದು ನೀವು. ನಾನೇನು ಬರ್ಕೊಟ್ಟಿದ್ನಾ?”

“ನೀನು ಯಾರ ಕಡೆ? ಈ ಗಳಿಗೆಯೇ ಹೇಳು!”

“ನಾನು ಈ ಅಜ್ಜನ ಕಡೆ,” ಎಂದು ದವಡೆ ಎತ್ತಿ ತೋರಿಸಿದಳು. “ನಾಳೆ ಅವರಿಗೆ ಹಲ್ಲು ಬೇಕು. ನಿಮ್ಮಿಬ್ಬರಲ್ಲಿ ಯಾರು ಗೆದ್ರೂ ನನಗೆ ಒಂದು ಕಡೆ ಸೋಲೇ. ಕೈ ತೊಳ್ಕೊಂಡು ಬನ್ನಿ.”

ಸರಿ. ಯುದ್ಧಕ್ಕೆ ಒಬ್ಬನೇ ಹೊರಡುತ್ತೇನೆ. ಹೋಲಿಕೆ ನನ್ನ ಕೈಯಲ್ಲಿದೆಯಲ್ಲ, ಅದಕ್ಕಿಂತ ದೊಡ್ಡ ಆಯುಧ ಬೇಕೆ? ನಾಲ್ಕೂ ಉಡುಪುಗಳನ್ನು ಎದೆ, ಕೊರಳು, ಭುಜ, ನಡು ಎಂದು ವಿಭಾಗ ಮಾಡಿ ಅಳೆಯುವುದು. ಅಂಚೆಯವಳ ಎದೆಯ ಮೇಲೆ ಏನಿದೆ? ಒಂದು ಜಿಪ್ಪು. ಕೊರಳಲ್ಲಿ? ಅವಳ ಕೊರಳೇ. ಭುಜದ ಮೇಲೆ? ಚೀಲದ ಪಟ್ಟಿ. ನಡುವಿನಲ್ಲಿ ಏನೂ ಇಲ್ಲ! ಧರ್ಮದ ತಕ್ಕಡಿ ಹಿಡಿದೇ ಅವಳನ್ನು ಸೋಲಿಸುತ್ತೇನೆ.

ಮಾರ್ಚ್ ೭, ಶುಕ್ರವಾರ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿ, ಅದೇ ಬೂದು ಜಾಕೆಟ್ಟು. ಹೊಟ್ಟೆಯಲ್ಲಿ ಒಲೆ ಹೊತ್ತಿತು. ಎರಡು ಸ್ಟಾಪು ಮೊದಲೇ ಇಳಿದು ನಡೆದೆ. ನಡೆಯುವಾಗ ಇನ್ನೊಬ್ಬ ಸಿಕ್ಕಿದ. ಅದೇ ಜಾಕೆಟ್ಟು. ಅವನು ದಪ್ಪನೆಯ ಮನುಷ್ಯ, ಅವನಿಗೆ ಒಪ್ಪುತ್ತಲೂ ಇರಲಿಲ್ಲ!

ಸ್ವಲ್ಪ ಒಪ್ಪುತ್ತಿತ್ತು.

ಮಾರ್ಚ್ ೧೦, ಸೋಮವಾರ

ಆಡಿ ನೋಡದವನು ಹೋಲಿಕೆ ಮಾಡಿದರೆ ನೋಡುವವರು ಉಗಿಯುತ್ತಾರೆ ಎಂದರು ನಿರ್ದೇಶಕಿ. ನಾನು ಆಡಿದವನಲ್ಲ. ಉಡುಪಿನ ಚಿತ್ರ ಬರೆಯುತ್ತೇನೆ, ಅದು ಗೊಂಬೆಯ ಮೈಮೇಲೆ ಏರುತ್ತದೆ, ಪೋಸ್ಟರ್ ಆಗಿ ಗೋಡೆಗೆ ಬರುತ್ತದೆ. ಅಲ್ಲಿಗೆ ನನ್ನ ನಾಟಕ ಮುಗಿಯಿತು. ಹಾಗಾಗಿ ಇಂದು ಹುಳುರಾಯರ ಬಳಿ ಹೋಗಿ ಕೂತೆ. ಗೇಮುಗಳಲ್ಲಿನ ತಪ್ಪುಗಳಿಗೆ ನಮ್ಮಲ್ಲಿ ಹುಳು ಎನ್ನುತ್ತಾರೆ. ದಿನವಿಡೀ ಆಡಿ ಆಡಿ ಹುಳು ಹೆಕ್ಕುವುದು ಅವರ ಉದ್ಯೋಗ.

“ಸಾರ್, ನಿಮ್ಮ ಗೇಮು ನೀವೇ ಆಡಿಲ್ವಾ?”

“ಅಡುಗೆಯವನು ಪಂಕ್ತಿಯಲ್ಲಿ ಕೂರಬೇಕೆಂದು ಎಲ್ಲಿ ಬರೆದಿದೆ?”

“ಉಪ್ಪಾದ್ರೂ ನೋಡ್ತಾನೆ ಸಾರ್,” ಎಂದು ನಕ್ಕು, ಗುಂಡಿಗಳ ಆ ಯಂತ್ರವನ್ನು ನನ್ನ ಕೈಗಿತ್ತರು.

ಮೂರನೆಯ ಭಾಗ. ನನ್ನ ಮುದ್ದಿನ ದಂಡನಾಯಕ! ಪರದೆಯ ಮೇಲೆ ಬಂದ. ಏನು ಕಂಡೆ? ಕೆಂಪು ಮೇಲುವಸ್ತ್ರ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ. ಸೇತುವೆ ಹತ್ತಿದ, ಕೆಂಪು. ಸೇತುವೆಯಿಂದ ಬಿದ್ದ (ನಾನೇ ಬೀಳಿಸಿದೆ), ಕೆಂಪು. ಮತ್ತೆ ಎದ್ದ, ಮತ್ತೆ ಬಿದ್ದ, ಕೆಂಪೋ ಕೆಂಪು.

“ತಿರುಗಿಸಿ ಅವನನ್ನು! ಹದ್ದು ಕಾಣಲಿ!”

“ತಿರುಗಲ್ಲ ಸಾರ್. ಕ್ಯಾಮೆರಾ ಇರೋದೇ ಅವನ ಬೆನ್ನ ಹಿಂದೆ. ಅವನು ಯಾವ ಕಡೆ ಹೋದ್ರೂ ಹಿಂದೇನೇ ಹೋಗುತ್ತೆ.”

ಇದನ್ನು ನಾನು ಕೇಳಿರಲಿಲ್ಲವೆಂದಲ್ಲ. ಭೂಮಿ ಗುಂಡಗಿದೆ ಎಂದೂ ಕೇಳಿದ್ದೇನೆ, ಹಾಗೆಂದು ಬಾಗಿ ನಡೆಯುತ್ತೇನೆಯೇ?

“ಹಾಗಾದರೆ ಅವನ ಎದೆಯ ಹದ್ದನ್ನು ನೋಡುವವರು ಯಾರು?”

ಹುಳುರಾಯರು ಸ್ವಲ್ಪ ಯೋಚಿಸಿ, “ಶತ್ರುಗಳು ಸಾರ್,” ಎಂದರು.

ಆಮೇಲೆ ಕಿವಿ ತುರಿಸಿಕೊಳ್ಳುತ್ತಾ, “ಆಡೋರು ಈ ಮೇಲುವಸ್ತ್ರಕ್ಕೆ ಒಂದು ಹೆಸರಿಟ್ಟಿದ್ದಾರೆ. ಹೇಳ್ಲಾ? ಬೇಜಾರು ಮಾಡ್ಕೋಬಾರ್ದು.”

“ಸಿಡಿಲಿಗೆ ಹೆದರುವ ಮರ ನಾನಲ್ಲ. ಹೇಳಿ.”

“ಕಿಟಕಿ ಕರ್ಟನ್.”

ನಾವಿಕಳನ್ನು ತೆರೆಸಿದೆ: ನೀಲಿ ಕರ್ಟನ್. ಕಾವಲುಗಾರ: ಕಂದು ಕರ್ಟನ್. ಮೂವರಿಗೂ ಬೆನ್ನು ಮುಚ್ಚುವ ಬಟ್ಟೆ ಇಳಿಬಿಟ್ಟಿದ್ದೇನೆ, ಮೂರು ಬಾರಿಯೂ ನನಗೇ ಅರಿವಿಲ್ಲದೆ! ಏಕೆಂದು ಬಸ್ಸಿನಲ್ಲಿ ಬರುವಾಗ ಹೊಳೆಯಿತು. ‘ಮುಂದೆ ಮಕಮಲ್ಲು, ಹಿಂದೆ ಮಂಜರಪಾಟು’ ಎನ್ನುತ್ತಿದ್ದಳು ಅಮ್ಮ. ಕಂಪನಿಯ ರಾಜನ ಅಂಗಿಗೆ ಮುಂಭಾಗ ಮಾತ್ರ ಮಕಮಲ್ಲು, ಹಿಂದೆ ಒರಟು ಮಂಜರಪಾಟಿನ ತುಂಡು, ನಾಲ್ಕು ಲಾಡಿ. ಅದು ಕಾಣದಂತೆ ಮೇಲೊಂದು ವಸ್ತ್ರ. ರಂಗದ ಮೇಲೆ ನಟ ಸತ್ತರೂ ಜನಕ್ಕೆ ಎದೆ ತೋರಿಸಿಯೇ ಸಾಯಬೇಕು. ಅಪ್ಪ ಒಮ್ಮೆ ಮರೆತು ಬೆನ್ನು ತಿರುಗಿಸಿದಾಗ ಮುಂದಿನ ಸಾಲಿನಿಂದ, “ರಾಜಾ, ನಿನ್ನ ಲಾಡಿ!” ಎಂದು ಕೂಗಿದ್ದರಂತೆ.

ಮಾರ್ಚ್ ೧೧, ಮಂಗಳವಾರ

ತಪ್ಪು ನನ್ನದಲ್ಲ, ಕ್ಯಾಮೆರಾ ಇಟ್ಟವನದು.

ಮಾರ್ಚ್ ೧೪, ಶುಕ್ರವಾರ

ಶತ್ರುವಿನ ಕೋಟೆ ಹೊಕ್ಕೆ. ನಾಲ್ಕನೆಯ ಭಾಗ. ದೋಷ ಹುಡುಕುವುದಕ್ಕೆ ಮಾತ್ರ. ಹುಳುರಾಯರಿಗೂ ಹಾಗೆಂದೇ ಹೇಳಿದೆ. “ಹುಡುಕಿ ಸಾರ್, ಹುಳು ಸಿಕ್ರೆ ನನಗೂ ಕೊಡಿ,” ಎಂದರು.

ಅಂಚೆಯವಳು ಬೆಟ್ಟದ ದಾರಿಯಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದಳು. ಮುಖ ಕಾಣದು. ಆದರೂ ಬಲಭುಜ ಎಡಭುಜಕ್ಕಿಂತ ಕೆಳಗಿದೆ, ಚೀಲ ಆ ಕಡೆ ಎಳೆಯುತ್ತಿದೆ. ಮೊದಲ ದೋಷ: ಅಂಗಿ ಓರೆ. ಬರೆದುಕೊಂಡೆ. ಎರಡು ಮನೆಗೆ ಕಾಗದ ಮುಟ್ಟಿಸಿದ ಮೇಲೆ ಚೀಲ ಇಳಿಯಿತು, ಭುಜ ಎದ್ದಿತು, ಅಂಗಿ ನೆಟ್ಟಗಾಯಿತು. ಬರೆದದ್ದನ್ನು ಹೊಡೆದುಹಾಕಿದೆ.

ಎರಡನೆಯ ದೋಷ: ಚೀಲದ ಪಟ್ಟಿಯ ಕೆಳಗೆ ಬಟ್ಟೆಯ ಬಣ್ಣ ಬೇರೆ. ಬಣ್ಣ ಹಚ್ಚುವವರು ಮರೆತಿದ್ದಾರೆ ಎಂದುಕೊಂಡೆ. ಅಲ್ಲ! ಬಿಸಿಲಿಗೆ ಜಾಕೆಟ್ಟು ಮಾಸುತ್ತಾ ಬಂದಿದೆ, ಪಟ್ಟಿಯ ಅಡಿಯಲ್ಲಿ ಮಾತ್ರ ಹೊಸ ಬೂದು ಉಳಿದಿದೆ. ಇವಳು ಎಷ್ಟು ಕಾಲದಿಂದ ಹೀಗೆ ನಡೆಯುತ್ತಿದ್ದಾಳೆಂದು ಯಾರೂ ಹೇಳಬೇಕಿಲ್ಲ.

ಮೂರನೆಯದು: ಜೀವ ಎಷ್ಟು ಉಳಿದಿದೆ ಎಂದು ತೋರಿಸುವ ಹಸಿರು ಪಟ್ಟಿ ಪರದೆಯ ಮೇಲೆ ಇಲ್ಲ. ಹಾಗಾದರೆ ಆಡುವವನಿಗೆ ತಿಳಿಯುವುದು ಹೇಗೆ? ತೋಳ ಎರಗಿತು. ಬೆನ್ನ ನಡುವಿನ ಹೊಲಿಗೆ ಒಂದು ಕಡೆ ಬಿಚ್ಚಿಕೊಂಡಿತು. ಇನ್ನೊಮ್ಮೆ ಎರಗಿತು, ಇನ್ನಷ್ಟು ಬಿಚ್ಚಿತು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು “ಓಡು ತಾಯೀ, ಓಡು!” ಎಂದು ಗರ್ಜಿಸಿದೆನಂತೆ. ಲೆಕ್ಕಪತ್ರದ ವಿಭಾಗದವರು ಬಾಗಿಲಿಗೆ ಬಂದು ನೋಡಿಹೋದರು. ಗುಡಿಸಲೊಂದರಲ್ಲಿ ಅವಳು ಜಾಕೆಟ್ಟು ಕಳಚಿ, ಸೂಜಿ ಹಿಡಿದು ಕೂತಳು. ಹೊಲಿಗೆ ಓರೆಕೋರೆ. ತನ್ನ ಬೆನ್ನಿನ ಅಂಗಿಯನ್ನು ತಾನೇ ಹೊಲಿದರೆ ಹಾಗೆಯೇ ಬರುವುದು.

ಊಟಕ್ಕೆ ಏಳಲಿಲ್ಲ. ದೋಷ ಹುಡುಕುವುದು ಶ್ರಮದ ಕೆಲಸ.

ಉರಿಯುತ್ತಿದೆ, ಹೊಟ್ಟೆ. ಊಟ ಬಿಟ್ಟದ್ದಕ್ಕಿರಬೇಕು. ಇಲ್ಲ, ಯಾಕೆ ಸುಳ್ಳು? ಆ ಓರೆ ಹೊಲಿಗೆ ನನಗೇಕೆ ಹೊಳೆಯಲಿಲ್ಲ! ಕಂಪನಿಯ ಪೆಟ್ಟಿಗೆಯಲ್ಲಿ ಬೆಳೆದವನು ನಾನು. ಅದು ನನ್ನ ಹೊಲಿಗೆಯಾಗಬೇಕಿತ್ತು!

ಮಾರ್ಚ್ ೧೮, ಮಂಗಳವಾರ

ಆಟವನ್ನು ಮನೆಗೇ ತಂದಿದ್ದೇನೆ, ದೋಷ ಹುಡುಕುವುದು ಇನ್ನೂ ಮುಗಿದಿಲ್ಲ. ಸಂಜೆ ಅಂಚೆಯವಳು ಕೊನೆಯ ಬೆಟ್ಟ ಹತ್ತುತ್ತಿದ್ದಾಗ ಕರೆಗಂಟೆ ಸದ್ದು ಮಾಡಿತು. ನಾದಿನಿ! ಯಂತ್ರವನ್ನು ದಿಂಬಿನಡಿ ತುರುಕಿ, ಟಿವಿಯ ಮುಂದೆ ಅಡ್ಡ ನಿಂತೆ. ನಾನು ನಿಂತ ಮಾತ್ರಕ್ಕೆ ಟಿವಿ ಮರೆಯಾಗುವುದೆ? ಬೆಟ್ಟದ ಗಾಳಿ ಊಳಿಡುತ್ತಿತ್ತು.

“ಏನ್ ಭಾವ, ಹವಾಮಾನ ವರದಿನಾ?”

“ಶತ್ರುವಿನ ಬಲಾಬಲ ನೋಡುತ್ತಿದ್ದೇನೆ.”

“ನೋಡಿ ನೋಡಿ. ಆದ್ರೆ ಆ ಬಂಡೆ ಹತ್ರ ಎಡಕ್ಕೆ ಹೋಗ್ಬೇಡಿ, ಸಾಯ್ತೀರಿ.”

“ಹೇಳಿಕೊಡಬೇಡ! ನಿನ್ನ ಉಪಕಾರ ನನಗೆ ಬೇಡ!” ಎಂದು ಯಂತ್ರವನ್ನು ದಿಂಬಿನಡಿಯಿಂದ ಎಳೆದು ಎಡಕ್ಕೆ ಹೋದೆ. ಸತ್ತೆ.

ಅಕ್ಕ ತಂಗಿಯರು ಅಡುಗೆಮನೆಯಲ್ಲಿ ಬಾಗಿ ಬಾಗಿ ನಕ್ಕರು. ಮನೆಯಲ್ಲಿ ಇವಳ ನಾಲಿಗೆ ಕತ್ತರಿ. ಆದರೆ ಸೂಪು ಕುಡಿಯುವಾಗ ಅಕ್ಕನ ಬಳಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

“ಅಕ್ಕ, ಉಡುಪೇನೋ ಮಾಡ್ಬಿಡ್ತೀನಿ. ಅದನ್ನ ಆ ಮೇಜಿನ ಮುಂದೆ ನಿಂತು ಹೇಳ್ಬೇಕಲ್ಲ, ಅದೇ ಕಷ್ಟ. ಆ ಜಾಹೀರಾತಿನವನು ಬಾಯಿ ಹಾಕಿದ್ರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟ್ಕೊಂಡುಬಿಡುತ್ತೆ. ಭಾವನಿಗಾದ್ರೆ ಏನು, ಕರೆಂಟ್ ಬಿಲ್ ಓದಿದ್ರೂ ಜನ ಅಳ್ತಾರೆ.”

ಶುಭ ಸಮಾಚಾರ! ಅವಳ ದುರ್ಬಲ ಸ್ಥಾನ ಸಿಕ್ಕಿತು! ವಿಜಯ ನನ್ನದೇ!

ಮಾರ್ಚ್ ೨೧, ಶುಕ್ರವಾರ

ವಿಡಿಯೊಗೆ ಧ್ವನಿ ಕೊಟ್ಟು ಬಂದೆ. ಗಾಜಿನ ಕೋಣೆ, ಕಿವಿಗೆ ಹೆಡ್‌ಫೋನು, ಎದುರು ಪರದೆಯಲ್ಲಿ ಆಟದ ದೃಶ್ಯಗಳು. ನಾನು ಪೋಸ್ಟರುಗಳಿರುತ್ತವೆ ಎಂದುಕೊಂಡಿದ್ದೆ. ಎಲ್ಲ ಬೆನ್ನುಗಳೇ!

ಕಾವಲುಗಾರ ಬಂದ. “ನೋಡಿ ಮಹನೀಯರೇ, ಅವನ ಎದೆಯ ಸೂರ್ಯನನ್ನು!” ಎಂದು ಗುಡುಗಿದೆ. ಕಂದು ಕರ್ಟನ್ ಕಾಣುತ್ತಿತ್ತು. ನಾವಿಕಳ ಹಗ್ಗದ ಕಸೂತಿಯನ್ನು ವರ್ಣಿಸಿದೆ. ನೀಲಿ ಕರ್ಟನ್. ದಂಡನಾಯಕನ ಹದ್ದಿನ ಹೊತ್ತಿಗೆ ನನ್ನ ಗಂಟಲೇ ನನಗೆ ಕೈಕೊಟ್ಟಿತು. “ಇವನ ಮೇಲುವಸ್ತ್ರ ಕೆಂಪು,” ಎಂದೆ. ಅದಕ್ಕಿಂತ ಹೆಚ್ಚು ಸತ್ಯ ಅಲ್ಲಿರಲಿಲ್ಲ.

ಆಮೇಲೆ ಅಂಚೆಯವಳು. ಭುಜ, ಮಾಸಿದ ಬಟ್ಟೆ, ಬಿಚ್ಚುವ ಹೊಲಿಗೆ, ಗುಡಿಸಲಿನ ಸೂಜಿ. ಧ್ವನಿಮುದ್ರಣದವನು ಕೈ ಎತ್ತಿ ಸನ್ನೆ ಮಾಡುವವರೆಗೆ ಮಾತಾಡಿದೆ.

“ಸಾರ್, ಮೊದಲ ಮೂರೂ ಸೇರಿದ್ರೆ ಎಷ್ಟಾಗುತ್ತೋ ಅದಕ್ಕಿಂತ ನಾಲ್ಕನೆಯದೇ ಉದ್ದ ಆಯ್ತು. ಕತ್ತರಿಸ್ಲಾ?”

“ಒಂದಕ್ಷರ ಮುಟ್ಟಿದರೆ ಜೋಕೆ!” ಎಂದೆ.

ಮನೆಗೆ ಬಂದು ಯೋಚಿಸಿದೆ. ಹೇಳಿದ್ದೆಲ್ಲ ದೋಷಗಳೇ. ಬಿಡಿಸಿ ಹೇಳಬೇಕಾದದ್ದರಿಂದ ಉದ್ದವಾಯಿತು, ಅಷ್ಟೇ.

ಮಾರ್ಚ್ ೨೬, ಬುಧವಾರ

ಐದನೆಯ ನಾಯಕ ಒಬ್ಬ ಮೇಸ್ತ್ರಿ. ಐವತ್ತು ದಾಟಿದವನು. ಸುಟ್ಟುಹೋದ ಊರಿಗೆ ಮರಳಿ, ಒಂದೊಂದೇ ಮನೆ ಮತ್ತೆ ಕಟ್ಟುತ್ತಾನೆ.

ಮುಂಭಾಗ ಬರೆದಾಯಿತು, ಒಂದೇ ಏಟಿಗೆ. ಎದೆಯ ಮೇಲೆ ತಾಮ್ರದ ಕರಣೆ, ತೂಗುಗುಂಡಿನ ಸರ, ಮೊಳಕೋಲಿನ ಸೊಂಟಪಟ್ಟಿ. ಭವ್ಯ! ಹಾಳೆ ತಿರುಗಿಸಿದೆ. ಹಿಂಭಾಗ. ಪೆನ್ಸಿಲ್ ಮೊನೆ ಮಾಡಿದೆ. ಮತ್ತೆ ಮೊನೆ ಮಾಡಿದೆ. ಒಂದು ಮೇಲುವಸ್ತ್ರ ಬರೆದೆ, ಅಳಿಸಿದೆ. ಹೆಂಡತಿ ಹಾದುಹೋಗುತ್ತಾ, “ಪೆನ್ಸಿಲ್ ಮುಗಿಯುತ್ತೆ ರೀ,” ಎಂದಳು.

ಆ ಕಳ್ಳಿ ನಾದಿನಿ ಏನು ಬರೆಯುತ್ತಿರಬಹುದು?

ಏಪ್ರಿಲ್ ೨, ಬುಧವಾರ

ಇಂದಿನ ಅಂಕ ದೊಡ್ಡದು. ದೀಪ ಹತ್ತಿಸಿ, ಕೆಮ್ಮುವವರು ಕೆಮ್ಮಿ ಮುಗಿಸಲಿ!

ಉದ್ದನೆಯ ಸಭಾಂಗಣ. ಒಂದು ತುದಿಯಲ್ಲಿ ಮೇಜು, ಇನ್ನೊಂದು ತುದಿಯಲ್ಲಿ ಬಾಗಿಲು. ಮೊದಲ ಸರದಿ ನನ್ನದು. ಮುಂಭಾಗವನ್ನು ತೆರೆದಿಟ್ಟೆ, ಧ್ವನಿಯನ್ನೂ ತೆರೆದೆ. ತುತ್ತೂರಿ ಎದ್ದೇ ನಿಂತ. “ಪೋಸ್ಟರ್ ರೆಡಿ! ಇದು ನೋಡಿ, ಇದು ನಾಯಕ ಅಂದ್ರೆ!” ನಿರ್ದೇಶಕಿ, “ಹಿಂದೆ?” ಎಂದರು. “ಆಗುತ್ತಿದೆ,” ಎಂದೆ. ಅವರು ಏನೋ ಗುರುತು ಹಾಕಿಕೊಂಡರು.

ನಾದಿನಿ ಬಂದಳು. ಚಿತ್ರವಲ್ಲ, ಹೊಲಿದ ಕೋಟನ್ನೇ ತಂದಿದ್ದಳು. ದಪ್ಪ ಬಟ್ಟೆಯ ದೊಗಲೆ ಕೋಟು. ಮುಂದೆ ಏನಿಲ್ಲ, ನಾಲ್ಕು ಗುಂಡಿ. ಹಿಂದೆಯೂ ಸದ್ಯಕ್ಕೆ ಒಂದೇ ತೇಪೆ, ಭುಜದ ಹತ್ತಿರ, ಹೂವಿನ ಬಟ್ಟೆಯದು. ಅವಳು ಬಾಯಿ ತೆರೆಯುವ ಮೊದಲೇ ತುತ್ತೂರಿ ಊದಿತು:

“ಇದೇನ್ರೀ ಇದು? ಮುಖಾನೇ ಇಲ್ವಲ್ಲ! ಹರಿದ ಕೋಟು ಹಾಕ್ಕೊಂಡೋನ್ನ ಪೋಸ್ಟರ್ ಮೇಲೆ ಹಾಕಿದ್ರೆ ಜನ ದಾನಧರ್ಮದ ಜಾಹೀರಾತು ಅಂದ್ಕೋತಾರೆ.”

ಎಲ್ಲರೂ ನಕ್ಕರು. ನಾದಿನಿ, “ಅದು… ಮನೆ ಕಟ್ಟಿದಾಗ… ಅವನಿಗೆ…” ಎಂದಳು. ನಾಲಿಗೆ ಅಂಗುಳಕ್ಕೆ ಅಂಟಿತು. ಕೋಟನ್ನು ಮಡಚಲು ಶುರುಮಾಡಿದಳು.

ಇಗೋ, ನಾನು ಕಾದಿದ್ದ ಗಳಿಗೆ! ನಾನು ಮಾಡಬೇಕಾದದ್ದು ಒಂದೇ, ಸುಮ್ಮನೆ ಕೂರುವುದು. ಕುರ್ಚಿ ಮೆತ್ತಗಿತ್ತು. ಬಿಸ್ಕತ್ತೂ ಇತ್ತು. ಐದನೆಯವನು ನನ್ನ ಮಡಿಲಿಗೆ ಬಂದು ಬೀಳುವವನಿದ್ದ.

“ಮಡಚಬೇಡ!” ಎಂಬ ಗರ್ಜನೆ ಕೇಳಿತು. ಯಾರದೆಂದು ನೋಡಿದರೆ ನನ್ನದು.

ಎದ್ದು ಹೋಗಿ ಕೋಟು ಕಸಿದು ತೊಟ್ಟೆ. ಭುಜಕ್ಕೆ ಸರಿಯಾಗಿ ಕೂತಿತು. “ಈ ತೇಪೆ ಯಾರದು? ಹೇಳು,” ಎಂದು ಅವಳನ್ನೇ ಕೇಳಿದೆ, ಮನೆಯಲ್ಲಿ ಕೇಳುವ ಹಾಗೆ.

ಮನೆಯ ಧಾಟಿಗೆ ಅವಳಿಗೂ ಮನೆಯ ನಾಲಿಗೆ ಬಂತು. “ಮೊದಲನೇ ಮನೆಯವಳದ್ದು ಭಾವ. ಮನೆ ಕಟ್ಟಿದ ಮೇಲೆ ಅವನ ಹರಿದ ಕೋಟಿಗೆ ತನ್ನ ಸೀರೆ ತುಂಡು ಹಾಕಿ ಹೊಲೀತಾಳೆ. ಪ್ರತಿ ಮನೆಯವರೂ ಹಾಗೇ. ಆಟ ಮುಗಿಯೋ ಹೊತ್ತಿಗೆ ಬೆನ್ನ ತುಂಬಾ ಊರು. ಅವನಿಗೆ ಅದು ಕಾಣೋದೇ ಇಲ್ಲ. ಬೆನ್ನಲ್ವಾ? ಆಡೋರಿಗೆ ಮಾತ್ರ ಕಾಣುತ್ತೆ.”

“ನೋಡಿ!” ಎಂದು ನಾನು ಮೇಜಿನತ್ತ ಬೆನ್ನು ತಿರುಗಿಸಿದೆ.

ಹೌದು, ತಿರುಗಿಸಿದೆ. ನಾನು! ಕಂಪನಿಯ ಹಿರಿಯರು ಯಾರಾದರೂ ಅಲ್ಲಿದ್ದರೆ ಎದೆಯೊಡೆಯುತ್ತಿತ್ತು. ಮೇಜಿನಿಂದ ಬಾಗಿಲವರೆಗೆ ನಡೆದೆ, ಸುಟ್ಟ ಊರಿನ ನಡುವೆ ಮನೆಯಿಲ್ಲದವನು ನಡೆಯುವ ಹಾಗೆ. ಮುಖದಲ್ಲಿ ಏನೂ ಮಾಡಲಿಲ್ಲ, ಮಾಡಿದರೂ ನೋಡುವವರಾರು? ಎಲ್ಲವನ್ನೂ ಎರಡು ಭುಜಗಳಿಗೆ ಕಳಿಸಿದೆ. ಬಾಗಿಲು ಮುಟ್ಟಿ, “ಇದು ವಾಪಸು ಬರುವ ದಾರಿ, ಯಾರೂ ನೋಡಬೇಡಿ!” ಎಂದು ಕೂಗಿ ಮರಳಿ ಓಡಿಬಂದೆ. ಯಾರೋ ನಕ್ಕರು. ಎರಡನೆಯ ಬಾರಿ ನಡೆದೆ, ಬೆನ್ನ ಮೇಲೆ ಒಂದು ತೇಪೆ, ಒಬ್ಬಳು ಹೊಲಿದುಕೊಟ್ಟದ್ದು. ಯಾರೂ ನಗಲಿಲ್ಲ. ಮೂರನೆಯ ಬಾರಿ ಇಡೀ ಊರನ್ನು ಹೊತ್ತು ನಡೆದೆ, ಹೊತ್ತದ್ದು ಗೊತ್ತಿಲ್ಲದವನ ಹಾಗೆ. ಬಾಗಿಲ ಬಳಿ ನಿಂತೆ. ಬಾಗಿಲಿನ ಹಿಡಿಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದೆ.

ಇದನ್ನು ಅವಳಿಗಾಗಿ ಮಾಡಿದೆನೆಂದು ಯಾರೂ ತಿಳಿಯಬಾರದು. ಬಟ್ಟೆಯ ಗಂಧವಿಲ್ಲದ ತುತ್ತೂರಿ ಬಟ್ಟೆಯ ಬಗ್ಗೆ ಮಾತಾಡಿದ್ದನ್ನು ನನಗೆ ಸಹಿಸಲಾಗಲಿಲ್ಲ.

ಏಪ್ರಿಲ್ ೩, ಗುರುವಾರ

ಅವಳಿಗೇ ಕೊಟ್ಟರು.

ಹೆಂಡತಿ ನನಗೆ ತಟ್ಟೆ ಹಾಕಿ ಎದುರು ಕೂತಳು. ಆಮೇಲೆ, “ತಂಗಿ ಫೋನ್ ಮಾಡಿದ್ಲು. ಮಾತೇ ಆಡ್ಲಿಲ್ಲ, ಬರೀ ಅತ್ಲು. ಏನ್ ಮಾಡಿದ್ರಿ ಅವಳಿಗೆ?” ಎಂದಳು.

“ಸೋತೆ,” ಎಂದೆ.

ರೊಟ್ಟಿ ಇನ್ನೊಂದು ಹಾಕಿದಳು. ಹೊಟ್ಟೆ ಉರಿಯುತ್ತಲೇ ಇದೆ, ಆದರೂ ಎರಡು ಹೆಚ್ಚೇ ತಿಂದೆ.

ಏಪ್ರಿಲ್ ೧೭, ಗುರುವಾರ

ಅನ್ಯಾಯದ ಮೇಲೆ ಅನ್ಯಾಯ! ಆಟದ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ‘ಉಡುಪು’ ಎಂದು ಅವಳ ಹೆಸರು ಮೊದಲು ಬರುತ್ತದಂತೆ. ನನ್ನದು ಎಲ್ಲಿ? ಬಹಳ ಕೆಳಗೆ, ‘ನಡಿಗೆ’ ಎಂಬಲ್ಲಿ. ಮೇಸ್ತ್ರಿಯ ನಡಿಗೆ ನನ್ನದೇ ಆಗಬೇಕೆಂದು ನಿರ್ದೇಶಕಿ ಹಟ ಹಿಡಿದಿದ್ದಾರೆ. “ಆವತ್ತು ಬಾಗಿಲ ಹತ್ರ ನಿಂತಿರಲ್ಲ, ಅದೇ ಬೇಕು.” ಜೀವನವಿಡೀ ಊರಿಗೆಲ್ಲ ವೇಷ ಕಟ್ಟಿದವನಿಗೆ ಇಂದು ತೊಡಿಸಿದ್ದೇನು? ಮೈಗೆ ಅಂಟುವ ಕಪ್ಪು ಚೀಲ, ಅದರ ತುಂಬ ಬಿಳಿ ಮಣಿಗಳು! ಖಾಲಿ ಕೋಣೆಯ ಗೋಡೆಗಳ ತುಂಬ ಕ್ಯಾಮೆರಾಗಳು. ಅವು ಮಣಿಗಳನ್ನು ನೋಡಿ ನನ್ನ ನಡಿಗೆಯನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಗಣಕದೊಳಗೆ ಅದರ ಮೇಲೆ ಅವಳ ಕೋಟು ಏರುತ್ತದೆ. ನನ್ನ ಮೈ, ಅವಳ ಬಟ್ಟೆ! ಹುಳುರಾಯರು ನೋಡಲು ಬಂದವರು, “ಸಾರ್, ಹುಳು ಹಿಡಿದ ಬದನೆಕಾಯಿ ಥರ ಕಾಣ್ತೀರಿ,” ಎಂದು ಹೇಳಿ ಓಡಿಹೋದರು.

ನಾದಿನಿ ಗಣಕದ ಹಿಂದೆ ನಿಂತು ಅಪ್ಪಣೆ ಕೊಡುತ್ತಿದ್ದಳು. ಈಗ ಸಭೆಯಲ್ಲೂ ಬಾಯಿ ಬಂದಿದೆ.

“ಭಾವ, ಎದೆ ಉಬ್ಬಿಸ್ಬೇಡಿ. ಎದೆ ಯಾರಿಗೂ ಕಾಣಲ್ಲ.”

“ಕಾಣದಿದ್ದರೂ ಅದು ಅಲ್ಲಿದೆಯೆಂದು ನನಗೆ ಗೊತ್ತಿದೆ!”

“ಅದೇ ತೊಂದರೆ ಆಗಿರೋದು. ಇನ್ನೊಂದ್ಸಲ. ಈಗ ಕೊನೇ ಮನೆ ಕಟ್ಟಿ ಆಯ್ತು ಅಂದ್ಕೊಳ್ಳಿ. ಬೆನ್ನ ತುಂಬಾ ತೇಪೆ ಇದೆ, ಆದ್ರೆ ನಿಮಗೆ ಗೊತ್ತಿಲ್ಲ.”

“ಗೊತ್ತಿಲ್ಲದ್ದನ್ನು ನಟಿಸುವುದು ಹೇಗೆ? ಮೂರ್ಖಳೇ!”

“ನಟಿಸ್ಬೇಡಿ ಭಾವ. ನಡೀರಿ, ಸಾಕು.”

ನಡೆದೆ. ಆ ತುದಿಯ ಗೋಡೆಯವರೆಗೆ, ಯಾವ ಅವಸರವೂ ಇಲ್ಲದೆ. ನಡುವೆ ಎಲ್ಲೋ ಹಿಂದಿನಿಂದ ಚಪ್ಪಾಳೆ ಎದ್ದಿತು. ಒಬ್ಬರದಲ್ಲ, ಕೋಣೆ ತುಂಬಿದ್ದು. ನನ್ನ ನಡಿಗೆಗೋ, ಗಣಕದಲ್ಲಿ ಕಂಡ ಅವಳ ಕೋಟಿಗೋ, ನೋಡಬೇಕಾದರೆ ತಿರುಗಬೇಕಿತ್ತು. ತಿರುಗಿದರೆ ನಡಿಗೆ ಕೆಡುತ್ತದೆ. ಗೋಡೆ ಇನ್ನೂ ದೂರವಿತ್ತು, ಹಾಗೆಯೇ ಮುಂದೆ ನಡೆದೆ.